ನಟನೆ ಕಲಿಸೋದನ್ನು ಕಲಿಯೋಕೆ ಎಂಎ ಬೇಕಾ?

ಪ್ರಶ್ನೆ: ನಾನು ತಿಪಟೂರಿನವಳು, 32 ವರ್ಷ. ತುಮಕೂರಿನಲ್ಲಿ ಬಿಎ ಮುಗಿಸಿ, ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಒಂದು ವರ್ಷ ಕಲಿತೆ. ಎಂಟು ವರ್ಷದಿಂದ ತಂಡಗಳ ಜೊತೆ ನಟಿಸುತ್ತೇನೆ, ಬೇಸಿಗೆ ಶಿಬಿರ ನಡೆಸುತ್ತೇನೆ, ಒಂದು ಖಾಸಗಿ ಶಾಲೆಯಲ್ಲಿ ವಾರಕ್ಕೆ ಎರಡು ದಿನ ನಾಟಕ ಕಲಿಸುತ್ತೇನೆ. ನಾನು ದೊಡ್ಡ ನಟಿಯಲ್ಲ, ಅದು ನನಗೆ ಗೊತ್ತು. ಆದರೆ ‘ನೀನು ಹೇಳಿಕೊಟ್ಟರೆ ಬರುತ್ತೆ’ ಅಂತ ಜೊತೆಯವರು ಹೇಳುತ್ತಾರೆ. ನಟರಿಗೆ ತರಬೇತಿ ಕೊಡುವುದನ್ನೇ ಕಲಿಸುವ ಎಂಎ ಲಂಡನ್‌ನಲ್ಲಿದೆ ಅಂತ ಕೇಳಿದೆ. ಅದಕ್ಕೆ ಹೋಗಲಾ? ಇಲ್ಲೇ ಎಲ್ಲಾದರೂ ಸಿಗುತ್ತಾ? ಒಳ್ಳೆಯ ನಟಿಯಲ್ಲದವಳು ನಟನೆ ಕಲಿಸಬಹುದಾ? ಮುಗಿಸಿ ಬಂದರೆ ನಮ್ಮ ಕಡೆ ಏನು ಕೆಲಸ ಸಿಗುತ್ತೆ?

ಉತ್ತರ: ಮೂರನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಬಗೆಹರಿದರೆ ಉಳಿದವು ಸಲೀಸು.

ನಾನು ಕಾಲೇಜಿನಲ್ಲಿದ್ದಾಗ ಗುಬ್ಬಿ ಹತ್ತಿರದ ಒಂದು ಊರಿಗೆ ಕುರುಕ್ಷೇತ್ರ ನಾಟಕದ ತಾಲೀಮು ನೋಡಲು ಹೋಗುತ್ತಿದ್ದೆ. ರಾತ್ರಿ ಊಟ ಮುಗಿಸಿ ಎಲ್ಲರೂ ದೇವಸ್ಥಾನದ ಪಡಸಾಲೆಯಲ್ಲಿ ಸೇರುತ್ತಿದ್ದರು. ನಮ್ಮ ಕಡೆ ಪೌರಾಣಿಕ ನಾಟಕ ಹೇಗೆ ನಡೆಯುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ನಟರಿಗೆ ಯಾರೂ ದುಡ್ಡು ಕೊಡಲ್ಲ. ನಟರೇ ಪಾರ್ಟಿಗೆ ದುಡ್ಡು ಕಟ್ಟುತ್ತಾರೆ. ದುರ್ಯೋಧನನ ಪಾರ್ಟು ಹಿಡಿದಿದ್ದವರು ಅಡಿಕೆ ವ್ಯಾಪಾರಿ. ಎಲ್ಲರಿಗಿಂತ ಜಾಸ್ತಿ ಕಟ್ಟಿದ್ದರು. ಎತ್ತರ, ಮೀಸೆ, ಗತ್ತು ಎಲ್ಲ ಇತ್ತು. ಆದರೆ ಪದ್ಯ ಮೇಲಕ್ಕೆ ಹೋದ ಕೂಡಲೇ ಗಂಟಲು ಕಟ್ಟುತ್ತಿತ್ತು. ವಾರಗಟ್ಟಲೆ ಇದೇ ಪಾಡು. ಸುತ್ತ ಕೂತವರೆಲ್ಲ ಸಲಹೆ ಕೊಟ್ಟರು. ಇನ್ನೂ ಸಿಟ್ಟು ಬರಲಿ ಅಂದರು, ಹೊಟ್ಟೆಯಿಂದ ಹಾಡಿ ಅಂದರು, ಬಿಸಿನೀರು ಕುಡೀರಿ ಅಂದರು. ಒಂದು ರಾತ್ರಿ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ನಿಲ್ಲಿಸಿ, ‘ಗೌಡ್ರೇ, ಪದ್ಯ ಎತ್ತೋ ಮುಂಚೆ ಗದೆ ಕೆಳಗಿಡಿ’ ಅಂದರು. ಅಷ್ಟೇ. ಅವರು ಇಟ್ಟರು. ಪದ್ಯ ಸರಾಗವಾಗಿ ಮೇಲಕ್ಕೆ ಹೋಯಿತು.

ಆಗಿದ್ದು ಇಷ್ಟು. ಗದೆಯನ್ನು ಬಿಗಿಯಾಗಿ ಹಿಡಿದಾಗ ಅವರ ಭುಜ ಕಿವಿಯ ಹತ್ತಿರಕ್ಕೆ ಏರುತ್ತಿತ್ತು. ಭುಜದ ಜೊತೆ ಕತ್ತು ಬಿಗಿಯುತ್ತಿತ್ತು. ಬಿಗಿದ ಕತ್ತಿನಲ್ಲಿ ದನಿ ಎಲ್ಲಿಂದ ಹೊರಡಬೇಕು? ಉಳಿದವರೆಲ್ಲ ಗಂಟಲನ್ನು ಕೇಳುತ್ತಿದ್ದರು. ಮೇಷ್ಟ್ರು ಕೈಯನ್ನು ನೋಡುತ್ತಿದ್ದರು. ಅವರು ಒಂದು ದಿನವೂ ಬಣ್ಣ ಹಚ್ಚಿದವರಲ್ಲ. ಸಭೆಯಲ್ಲಿ ನಿಂತು ನಾಲ್ಕು ಮಾತು ಆಡಿ ಅಂದರೂ ನಡುಗುತ್ತಿದ್ದರು.

ಇದೇ ಥರದ ಕತೆ ಟ್ಯಾಸ್ಮೇನಿಯಾದಲ್ಲೂ ಇದೆ. ಅಲ್ಲಿ 1869ರಲ್ಲಿ ಹುಟ್ಟಿದ ಎಫ್.ಎಂ. ಅಲೆಕ್ಸಾಂಡರ್ ಎಂಬ ನಟನಿಗೆ ವೇದಿಕೆ ಮೇಲೆ ದನಿ ಕಟ್ಟುತ್ತಿತ್ತು. ವೈದ್ಯರು ದನಿಗೆ ವಿಶ್ರಾಂತಿ ಕೊಡಿ ಅಂದರು. ವಿಶ್ರಾಂತಿ ಮುಗಿಸಿ ವೇದಿಕೆ ಹತ್ತಿದರೆ ಮತ್ತೆ ಅದೇ. ಕೊನೆಗೆ ಅವನು ಕನ್ನಡಿ ಮುಂದೆ ನಿಂತು ಮಾತಾಡುತ್ತಾ ತನ್ನನ್ನೇ ನೋಡಿಕೊಂಡ. ಮಾತು ಶುರು ಮಾಡುವ ಮುಂಚೆಯೇ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅವನು ಕಂಡುಕೊಂಡದ್ದು ಇವತ್ತು ಅಲೆಕ್ಸಾಂಡರ್ ಟೆಕ್ನಿಕ್ ಅನ್ನುವ ಹೆಸರಲ್ಲಿ ದೊಡ್ಡ ದೊಡ್ಡ ನಟನಾ ಶಾಲೆಗಳಲ್ಲಿ ಪಾಠವಾಗಿದೆ. ನಮ್ಮ ಮೇಷ್ಟ್ರು ಕಂಡುಕೊಂಡದ್ದು ಆ ಪಡಸಾಲೆಯಲ್ಲೇ ಉಳಿಯಿತು.

ಹಾಗಾಗಿ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ: ಕಲಿಸಬಹುದು. ಆದರೆ ಮೇಷ್ಟ್ರ ಕತೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ವರ್ಷ ಬೇರೆ ದುರ್ಯೋಧನ ಬಂದ. ಅವನ ತೊಂದರೆ ಬೇರೆ. ಪದ್ಯದ ಸಾಲು ಮುಗಿಯುವ ಮುಂಚೆ ಉಸಿರು ಮುಗಿಯುತ್ತಿತ್ತು. ಮೇಷ್ಟ್ರು ಅವನಿಗೂ ಗದೆ ಕೆಳಗಿಡು ಅಂದರು. ಇಟ್ಟ. ಏನೂ ಆಗಲಿಲ್ಲ. ಮತ್ತೆ ಅಂದರು. ಬೈದರು. ಆ ಹುಡುಗ ನಾಟಕ ಮುಗಿಯುವ ತನಕ ಗದೆಯನ್ನೇ ಮುಟ್ಟಲಿಲ್ಲ. ಗದೆಯಿಲ್ಲದ ದುರ್ಯೋಧನನನ್ನು ನೋಡಿ ಊರೆಲ್ಲ ನಕ್ಕಿತು.

ಮೊದಲ ವರ್ಷ ಅದು ಯಾಕೆ ಕೆಲಸ ಮಾಡಿತು ಅಂತ ಮೇಷ್ಟ್ರಿಗೆ ಗೊತ್ತಿರಲಿಲ್ಲ. ನೀವು ಕೇಳುತ್ತಿರುವ ಎಂಎ ಇರುವುದು ಈ ಕಾರಣಕ್ಕೆ. ಕಲಿಸುವ ಕೈಗುಣ ನಿಮ್ಮಲ್ಲಿ ಇರಬಹುದು. ಅದು ಯಾವಾಗ ಫಲಿಸುತ್ತೆ, ಯಾವಾಗ ಇಲ್ಲ, ಒಂದು ದಾರಿ ಮುಚ್ಚಿದಾಗ ಇನ್ನೊಂದು ಯಾವುದು ಅಂತ ತಿಳಿಯಬೇಕಾದರೆ ಓದು ಬೇಕು.

ನೀವು ಕೇಳಿದ್ದು ಬಹುಶಃ ಲಂಡನ್‌ನ ರಾಯಲ್ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾ ಬಗ್ಗೆ. 1906ರಲ್ಲಿ ಎಲ್ಸಿ ಫೋಗರ್ಟಿ ಎಂಬ, ಮಾತಿನ ಪಾಠ ಹೇಳುವ ಮೇಡಂ ಕಟ್ಟಿದ ಶಾಲೆ ಅದು. ಈಗ ಲಂಡನ್ ವಿಶ್ವವಿದ್ಯಾಲಯದ ಭಾಗ. ಅಲ್ಲಿ ನಟರ ತರಬೇತಿ ಮತ್ತು ಕೋಚಿಂಗ್ ಅಂತಲೇ ಒಂದು ಸ್ನಾತಕೋತ್ತರ ಕೋರ್ಸ್ ನಡೆಸಿದ್ದಾರೆ. ದನಿ ಕಲಿಸುವವರಿಗೆ ಬೇರೆಯೇ ಒಂದು ಕೋರ್ಸ್. ಬ್ರಿಟನ್‌ನಲ್ಲಿ ಎಂಎ ಅಂದರೆ ಸಾಮಾನ್ಯವಾಗಿ ಒಂದೇ ವರ್ಷ, 180 ಕ್ರೆಡಿಟ್. ಲೆಕ್ಕಕ್ಕೆ ಸುಮಾರು 1,800 ಗಂಟೆ ಕೆಲಸ. ರಜೆ, ಹಬ್ಬ, ಮದುವೆ, ತಿಥಿ ಅಂತ ಬಿಡುವು ಸಿಗಲ್ಲ.

ಇಂಥ ಕೋರ್ಸ್‌ಗೆ ಸೇರಿದರೆ ನಿಮಗೆ ಒಳ್ಳೊಳ್ಳೆ ಪಾತ್ರ ಸಿಗುತ್ತೆ ಅಂದುಕೊಳ್ಳಬೇಡಿ. ಜಾಸ್ತಿ ಹೊತ್ತು ನೀವು ಮೂಲೆಯಲ್ಲಿ ಕೂತು ಬೇರೆಯವರ ತರಗತಿ ನೋಡುತ್ತೀರಿ. ಆಮೇಲೆ ಜೊತೆಯವರಿಗೆ ಪಾಠ ಮಾಡುತ್ತೀರಿ. ಆಮೇಲೆ ಹೊರಗೆ ಎಲ್ಲೋ ಒಂದು ಕಡೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೀರಿ. ಮಾಡಿದ್ದನ್ನೆಲ್ಲ ಬರೆಯಬೇಕು. ಇವತ್ತು ಏನು ಅಂದುಕೊಂಡು ಹೋದೆ, ಏನಾಯಿತು, ಯಾಕೆ ಹಾಗಾಯಿತು. ಈ ಬರವಣಿಗೆ ನಮ್ಮ ರಂಗದವರಿಗೆ ಕಬ್ಬಿಣದ ಕಡಲೆ. ರಾತ್ರಿಯಿಡೀ ಸೆಟ್ ಕಟ್ಟು ಅಂದರೆ ಕಟ್ಟುತ್ತೇವೆ, ಎರಡು ಪುಟ ಬರಿ ಅಂದರೆ ತಲೆನೋವು ಬರುತ್ತೆ.

ಇಲ್ಲೊಂದು ವ್ಯತ್ಯಾಸ ಹೇಳಿಬಿಡುತ್ತೇನೆ. ನಿರ್ದೇಶಕರಿಗೆ 14ನೇ ತಾರೀಕಿನ ಪ್ರದರ್ಶನ ಮುಖ್ಯ. ಶಿಕ್ಷಕಿಗೆ ಆ ಹುಡುಗಿ ಐದು ವರ್ಷದ ನಂತರ ಏನಾಗುತ್ತಾಳೆ ಅನ್ನುವುದು ಮುಖ್ಯ. ಕೋಚ್ ಇವರಿಬ್ಬರ ನಡುವೆ ಸಿಕ್ಕಿಹಾಕಿಕೊಂಡವರು. ಶುಕ್ರವಾರ ಸಂಜೆ ಒಬ್ಬ ನಟ ಎರಡು ಹಾಳೆ ಹಿಡಿದು ಬರುತ್ತಾನೆ, ಸೋಮವಾರ ಬೆಳಿಗ್ಗೆ ಶೂಟಿಂಗ್. ಆ ದೃಶ್ಯವೂ ಆಗಬೇಕು, ಅವನು ನಿಮ್ಮ ನೆರಳಾಗಿಯೂ ಹೋಗಬಾರದು. ನಮ್ಮಲ್ಲಿ ಮೂರೂ ಕೆಲಸ ಒಬ್ಬರೇ ಮಾಡುತ್ತೇವೆ, ಹಾಗಾಗಿ ಯಾವಾಗ ಯಾವುದು ಮಾಡುತ್ತಿದ್ದೇವೆ ಅಂತ ನಮಗೇ ಗೊತ್ತಿರಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ಒಂದು ವಾರ ಇದ್ದಾಗ ನೀವು ಮಕ್ಕಳಿಗೆ ‘ನಾನು ಹೇಳಿದ ಹಾಗೆ ಹೇಳು’ ಅಂದಿರುತ್ತೀರಿ, ಅಲ್ವಾ? ನಾನೂ ಅಂದಿದ್ದೇನೆ. ಆ ಗಳಿಗೆಯಲ್ಲಿ ನಾವು ಶಿಕ್ಷಕರಾಗಿರಲ್ಲ.

ಕೋರ್ಸಿನಲ್ಲಿ ಕಲಿಸುವ ವಿಷಯಗಳಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾತಿನ ಆಯ್ಕೆ. ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿ ಹೆಸರು ನೀವು ನೀನಾಸಂನಲ್ಲಿ ಕೇಳಿರುತ್ತೀರಿ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದ ಇಬ್ಬರಲ್ಲಿ ಒಬ್ಬರು. ಈ ಪಾತ್ರಕ್ಕೆ ಈಗ ಏನು ಬೇಕು ಅಂತ ಅವರು ಕೇಳಿದ ಪ್ರಶ್ನೆ ಇವತ್ತಿಗೂ ಎಲ್ಲ ಕೋಚ್‌ಗಳ ಅನ್ನ. ಒಂದು ದೃಶ್ಯ ತಗೊಳ್ಳಿ. ಮಗಳು ಕಾಲೇಜಿಗೆ ಹೋಗಲು ಅಪ್ಪನ ಹತ್ತಿರ ದುಡ್ಡು ಕೇಳುತ್ತಾಳೆ. ‘ಇನ್ನೂ ದುಃಖದಿಂದ ಹೇಳು’ ಅಂದರೆ ಹುಡುಗಿ ಹುಬ್ಬು ಗಂಟಿಕ್ಕುತ್ತಾಳೆ, ದನಿ ಇಳಿಸುತ್ತಾಳೆ. ಧಾರಾವಾಹಿಯ ದುಃಖ ಬರುತ್ತೆ. ಅದರ ಬದಲು ‘ಅಪ್ಪನನ್ನು ರಮಿಸು’ ಅನ್ನಿ. ಆಗಲಿಲ್ಲವಾ? ‘ಗೋಗರೆ’. ಅದೂ ಸಪ್ಪೆಯಾಯಿತಾ? ‘ಕೆಣಕು’. ‘ಚುಚ್ಚು’. ‘ದಬಾಯಿಸು’. ‘ಪುಸಲಾಯಿಸು’. ಪ್ರತಿ ಸಲ ಅದೇ ಮಾತು ಬೇರೆ ಮಾತಾಗುತ್ತೆ, ಮುಖ ತಾನಾಗಿ ಬದಲಾಗುತ್ತೆ. ಇದಕ್ಕೆ ಬೇಕಾದ ಕ್ರಿಯಾಪದಗಳು ನಮ್ಮ ಅಜ್ಜಿಯರ ಬಾಯಲ್ಲಿ ಬೇಕಾದಷ್ಟಿವೆ. ನೀವು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಪಟ್ಟಿ ಇನ್ನೂರು ದಾಟಿದೆ. ಅದರಲ್ಲಿ ಅರ್ಧ ನಮ್ಮ ಚಿಕ್ಕಮ್ಮ ಸೊಸೆಗೆ ಬೈಯುವಾಗ ಸಿಕ್ಕಿದವು.

ನೃತ್ಯ ಸಂಯೋಜಕ ರುಡಾಲ್ಫ್ ಲಾಬಾನ್ ಅವರ ಪಾಠವನ್ನೂ ಹೀಗೇ ಊರಿನ ಮಾತಿಗೆ ಇಳಿಸಬಹುದು. ದೇಹದ ಚಲನೆಯಲ್ಲಿ ಎಂಟು ಬಗೆಯ ಶ್ರಮ ಇದೆ ಅಂತ ಅವರು ವಿಂಗಡಿಸಿದರು. ಒತ್ತುವುದು, ಗುದ್ದುವುದು, ಹಿಂಡುವುದು, ಬೀಸುವುದು, ತಟ್ಟುವುದು, ಕೊಡವುವುದು, ಜಾರುವುದು, ತೇಲುವುದು. ಪಾತ್ರ ಹೇಗೆ ನಡೆಯುತ್ತೆ, ಹೇಗೆ ಮಾತಾಡುತ್ತೆ ಅನ್ನುವುದಕ್ಕೆಲ್ಲ ಇದನ್ನು ಬಳಸುತ್ತಾರೆ. ಬೇರೆ ಕಡೆ ಇದಕ್ಕೆ ವಾರಗಟ್ಟಲೆ ಅಭ್ಯಾಸ ಬೇಕು. ದಿನಾ ಮುದ್ದೆ ತಿರುವುವವಳಿಗೆ, ಬಟ್ಟೆ ಹಿಂಡುವವಳಿಗೆ, ರೊಟ್ಟಿ ತಟ್ಟುವವಳಿಗೆ, ಮೊರದಲ್ಲಿ ಕೇರುವವಳಿಗೆ ಅದನ್ನು ಹೊಸದಾಗಿ ಹೇಳಿಕೊಡಬೇಕಾ? ನೆನಪು ಮಾಡಿದರೆ ಸಾಕು.

ಆದರೆ ಎಲ್ಲವೂ ಇಷ್ಟು ಸುಲಭವಾಗಿ ಕನ್ನಡಕ್ಕೆ ಬರಲ್ಲ. ಅಮೆರಿಕದ ಸ್ಯಾನ್‌ಫರ್ಡ್ ಮೈಸ್ನರ್ ಎಂಬ ನಟನಾ ಶಿಕ್ಷಕರು ಒಂದು ಅಭ್ಯಾಸ ಕಲಿಸುತ್ತಿದ್ದರು. ಇಬ್ಬರು ನಟರು ಎದುರುಬದುರು ಕೂತು, ಕಂಡದ್ದನ್ನು ಹೇಳಬೇಕು, ಇನ್ನೊಬ್ಬರು ಅದನ್ನೇ ಹೇಳಬೇಕು. ‘ನೀನು ನಗುತ್ತಾ ಇದ್ದೀಯ.’ ‘ನಾನು ನಗುತ್ತಾ ಇದ್ದೀನಿ.’ ಹೀಗೆ ಹೇಳುತ್ತಾ ಹೇಳುತ್ತಾ ಎದುರಿನವರನ್ನು ನಿಜವಾಗಿ ಕೇಳಿಸಿಕೊಳ್ಳಲು ಶುರು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ನಮ್ಮಲ್ಲಿ 19 ವರ್ಷದ ಹುಡುಗನ ಎದುರು 45 ವರ್ಷದ ಮೇಷ್ಟ್ರು ಕೂತರೆ? ‘ನೀನು’ ಅನ್ನಲು ಹುಡುಗನಿಗೆ ಬಾಯಿ ಬರಲ್ಲ. ‘ನೀವು’ ಅಂದ ಕೂಡಲೇ ಬೆನ್ನು ಬಾಗುತ್ತೆ, ಕಣ್ಣು ಕೆಳಗಿಳಿಯುತ್ತೆ, ಅಭ್ಯಾಸ ಸತ್ತುಹೋಗುತ್ತೆ. ನಾನು ಇದನ್ನು ಮೊದಲ ಸಲ ಮಾಡಿಸಿದಾಗ ಹುಡುಗರು ದಡ್ಡರು ಅಂದುಕೊಂಡಿದ್ದೆ. ದಡ್ಡತನ ನನ್ನದು. ಈಗ ನಾನು ಮೊದಲ ವಾರ ಜೋಡಿಗಳನ್ನು ವಯಸ್ಸು ನೋಡಿ ಮಾಡುತ್ತೇನೆ. ಎರಡನೇ ವಾರ ಬೇಕೆಂದೇ ಅದನ್ನು ಕೆಡಿಸುತ್ತೇನೆ. ‘ನೀವು’ ಅನ್ನುತ್ತಾ ಬೆನ್ನು ನೇರ ಇಟ್ಟುಕೊಳ್ಳುವುದೇ ಆಗ ಪಾಠ.

ಮಾತಿನ ಪಾಠದಲ್ಲಿ ಇನ್ನೂ ದೊಡ್ಡ ಗುಂಡಿ ಇದೆ. ಇಂಗ್ಲಿಷ್ ನಟ ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಅದರ ಸ್ವರವನ್ನು ಎಳೆಯಬಹುದು. ಕನ್ನಡದಲ್ಲಿ ಎಳೆದರೆ ಪದವೇ ಬದಲಾಗುತ್ತೆ. ಬಳೆ ಬಾಳೆಯಾಗುತ್ತೆ. ವ್ಯಂಜನ ಒತ್ತಿದರೆ ಹಳಿ ಹಳ್ಳಿಯಾಗುತ್ತೆ. ಜೊತೆಗೆ ನಮ್ಮ ವಾಕ್ಯದ ಜೀವ ಕೊನೆಯಲ್ಲಿದೆ. ‘ನಾನು ಅವನನ್ನು ಆ ರಾತ್ರಿ ಕೊಲ್ಲಲಿಲ್ಲ’ ಅನ್ನುವ ಮಾತನ್ನು ಹೊಸ ನಟ ಹೇಗೆ ಹೇಳುತ್ತಾನೆ? ‘ನಾನು ಅವನನ್ನು’ ಅಂತ ಜೋರಾಗಿ ಎತ್ತಿಕೊಳ್ಳುತ್ತಾನೆ. ‘ಆ ರಾತ್ರಿ’ ತನಕ ಉಸಿರು ಇರುತ್ತೆ. ‘ಲಿಲ್ಲ’ ಬರುವಷ್ಟರಲ್ಲಿ ದನಿ ಇಂಗಿರುತ್ತೆ. ಹಿಂದಿನ ಸಾಲಿನವರಿಗೆ ಕೊಲೆ ಕೇಳಿಸುತ್ತೆ, ಕೊಲ್ಲದೇ ಇದ್ದದ್ದು ಕೇಳಿಸಲ್ಲ! ವಾಕ್ಯದ ಕೊನೆ ಬಿಡಬೇಡಿ ಅಂತ ಎಲ್ಲ ದೇಶದ ಮೇಷ್ಟ್ರೂ ಹೇಳುತ್ತಾರೆ. ನಮ್ಮಲ್ಲಿ ಬಿಟ್ಟರೆ ಕತೆಯೇ ತಿರುಗುಮುರುಗು. ಇನ್ನು ನಮ್ಮ ಪಾವಗಡದ ಕಡೆಯ, ಆಚೆ ಮುಳಬಾಗಿಲು, ಬಾಗೇಪಲ್ಲಿ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅವರ ಕನ್ನಡದ ಏರಿಳಿತವೇ ಬೇರೆ. ಅದನ್ನು ತಪ್ಪು ಅಂತ ತಿದ್ದಬೇಕಾ, ಪಾತ್ರಕ್ಕೆ ಬೇಕಾದಾಗ ಬಳಸಿಕೊಳ್ಳಬೇಕಾ? ತಿದ್ದಲು ಹೋಗಿ ಎಷ್ಟೋ ಒಳ್ಳೆಯ ನಟರ ಬಾಯಿ ಕಟ್ಟಿದ್ದನ್ನು ನೋಡಿದ್ದೇನೆ.

ಯಾವ ಕೋರ್ಸ್‌ಗೆ ಅರ್ಜಿ ಹಾಕಿದರೂ ‘ನೀವು ಏನು ಹುಡುಕಿಕೊಂಡು ಬರುತ್ತಿದ್ದೀರಿ’ ಅಂತ ಬರೆಯಲು ಹೇಳುತ್ತಾರೆ. ‘ನನಗೆ ರಂಗಭೂಮಿ ಅಂದರೆ ಪ್ರಾಣ’ ಅಂತ ಎಲ್ಲರೂ ಬರೆಯುತ್ತಾರೆ. ನೀವು ಮೇಲಿನ ಎರಡು ಪ್ಯಾರಾದ ಥರದ ಒಂದು ನಿಜವಾದ ತೊಂದರೆ ಬರೆಯಿರಿ. ನಿಮ್ಮ ಎಂಟು ವರ್ಷದಲ್ಲಿ ಅಂಥದ್ದು ಹತ್ತು ಸಿಕ್ಕಿರುತ್ತೆ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಮೂರು ದಿನದ ಕಾರ್ಯಾಗಾರ ನಡೆಸಿದೆ. ಎಲ್ಲೋ ಓದಿಕೊಂಡು ನೆನಪಿನಿಂದ ಭಾವನೆ ತರುವ ಅಭ್ಯಾಸ ಮಾಡಿಸಿದೆ. ಒಬ್ಬ ಹುಡುಗಿಗೆ ನಿಮ್ಮ ಮನೆಯಲ್ಲಿ ನಡೆದ ಸಾವನ್ನು ನೆನಪಿಸಿಕೋ ಅಂದೆ. ಅವಳು ಅತ್ತಳು. ಆ ಅಳುವಿನಲ್ಲೇ ಸಂಭಾಷಣೆ ಹೇಳಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಬೀಗಿದೆ. ಮಾರನೇ ದಿನ ಅವಳು ಬರಲಿಲ್ಲ. ಮೂರನೇ ದಿನವೂ ಬರಲಿಲ್ಲ. ಆ ಸಾವು ಆಗಿ ಆರು ತಿಂಗಳಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಬಾಗಿಲು ತೆಗೆಸಿದವನಿಗೆ ಮುಚ್ಚಿಸಲು ಬರುತ್ತಿರಲಿಲ್ಲ. ಅವಳು ಮತ್ತೆ ನಾಟಕದ ಕಡೆ ಬಂದಳಾ ಅನ್ನುವುದೂ ನನಗೆ ತಿಳಿಯದು.

ಈ ಅಭ್ಯಾಸದ ಮೂಲ ಸ್ಟಾನಿಸ್ಲಾವ್‌ಸ್ಕಿ, ಅವರೇ ಆಮೇಲೆ ಮನಸ್ಸು ಬದಲಿಸಿದ್ದರು ಅಂತ ತುಂಬ ತಡವಾಗಿ ಓದಿದೆ. 1934ರಲ್ಲಿ ಅಮೆರಿಕದ ನಟಿ ಸ್ಟೆಲ್ಲಾ ಆಡ್ಲರ್ ಪ್ಯಾರಿಸ್‌ನಲ್ಲಿ ಅವರನ್ನು ಕಂಡು ಕೆಲವು ವಾರ ಪಾಠ ಹೇಳಿಸಿಕೊಂಡರು. ವಾಪಸ್ ಬಂದು ತಮ್ಮ ತಂಡಕ್ಕೆ, ನಾವು ಸ್ವಂತ ನೆನಪಿನ ಮೇಲೆ ಅತಿಯಾಗಿ ಭಾರ ಹಾಕುತ್ತಿದ್ದೇವೆ, ಅವರು ಈಗ ಪಾತ್ರದ ಸನ್ನಿವೇಶಕ್ಕೂ ಕ್ರಿಯೆಗೂ ಒತ್ತು ಕೊಡುತ್ತಿದ್ದಾರೆ ಅಂದರು. ಆ ತಂಡದಲ್ಲಿ ಇದರಿಂದ ದೊಡ್ಡ ಜಗಳವೇ ಆಯಿತು. 1934ರ ಸುದ್ದಿ ನನಗೆ ಎಪ್ಪತ್ತು ವರ್ಷ ತಡವಾಗಿ ತಲುಪಿತು! ಶಿಸ್ತಾಗಿ ಓದಿದ್ದರೆ ಆ ಹುಡುಗಿಗೆ ಹಾಗೆ ಮಾಡುತ್ತಿರಲಿಲ್ಲ. ಕಲಿಸುವುದನ್ನು ಓದಿನ ವಿಷಯವಾಗಿ ತಗೊಳ್ಳಿ ಅಂತ ನಾನು ಹಟ ಮಾಡುವುದಕ್ಕೆ ಇದೇ ಮುಖ್ಯ ಕಾರಣ. ಇವತ್ತು ಒಳ್ಳೆಯ ಕೋರ್ಸ್‌ಗಳಲ್ಲಿ ಮುಟ್ಟುವ ಮುಂಚೆ ಕೇಳುವುದು, ಅಭ್ಯಾಸದಿಂದ ಹೊರಬರುವ ದಾರಿ, ಬೇಡ ಅನ್ನುವ ಹಕ್ಕು, ಇವೆಲ್ಲ ಪಾಠದ ಭಾಗ. ನಮ್ಮಲ್ಲಿ ಇನ್ನೂ ಭುಜ ಹಿಡಿದು ತಿರುಗಿಸುವುದೇ ಪಾಠ.

ಇಲ್ಲೇ ಎಲ್ಲಿ ಓದಬಹುದು ಅಂತ ಕೇಳಿದ್ದೀರಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕಲೆಗಳ ವಿಭಾಗ ಇದೆ. ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು ಪಾಂಡಿಚೇರಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂಪಿಎ, ಅಂದರೆ ಪ್ರದರ್ಶನ ಕಲೆಯ ಸ್ನಾತಕೋತ್ತರ ಪದವಿ, ರಂಗಕಲೆಯಲ್ಲಿ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಪ್ರವೇಶ ಪರೀಕ್ಷೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಅಂದರೆ ಎನ್‌ಎಸ್‌ಡಿಯ ಮೂರು ವರ್ಷದ ಕೋರ್ಸ್‌ಗೆ ಸಾಮಾನ್ಯವಾಗಿ 30 ವರ್ಷದ ಮಿತಿ ಇರುತ್ತೆ, ಅದನ್ನು ಬಿಡಿ. ಇವೆಲ್ಲ ನಟನೆ, ನಿರ್ದೇಶನ, ವಿನ್ಯಾಸ, ಇತಿಹಾಸ ಸೇರಿದ ಒಟ್ಟಾರೆ ರಂಗಶಿಕ್ಷಣ. ನಟರಿಗೆ ಕಲಿಸುವುದೇ ಮುಖ್ಯ ವಿಷಯವಾದ ಕೋರ್ಸ್‌ಗಳಲ್ಲ. ಆದರೆ ಪ್ರಬಂಧದ ವಿಷಯ ನೀವೇ ಆರಿಸಿಕೊಳ್ಳಬಹುದು. ಅಲ್ಲಿ ನಿಮ್ಮ ಪ್ರಶ್ನೆ ಇಟ್ಟುಕೊಂಡರೆ ಅರ್ಧ ಲಂಡನ್ ಇಲ್ಲೇ ಆಗುತ್ತೆ.

ಎನ್‌ಎಸ್‌ಡಿಯ ತ್ರಿಪುರಾ ಕೇಂದ್ರದಲ್ಲಿ ಶಿಕ್ಷಣದಲ್ಲಿ ರಂಗಭೂಮಿ ಅಂತ ಒಂದು ವರ್ಷದ ಕೋರ್ಸ್ ಇದೆ. ಹೆಸರು ಕೇಳಿ ಇದೇ ಅಂದುಕೊಳ್ಳಬೇಡಿ. ಅದು ನಾಟಕದ ಮೂಲಕ ಮಕ್ಕಳಿಗೆ ಕಲಿಸುವುದು, ನೀವು ಕೇಳುತ್ತಿರುವುದು ನಟರಿಗೆ ನಟನೆ ಕಲಿಸುವುದು. ಆದರೂ ನಿಮ್ಮ ಶಾಲೆ ಕೆಲಸಕ್ಕೆ ಅದು ಹೊಂದುತ್ತೆ. ಮಕ್ಕಳಿಗೆ ಕಲಿಸುವುದು ಕಡಿಮೆ ಕೆಲಸ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ದೊಡ್ಡ ರಂಗನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿ ಸೇರಿದ್ದು ನಮ್ಮ ಗುಬ್ಬಿ ನಾಟಕ ಕಂಪನಿಯನ್ನು. ಅವರನ್ನು ಓದಲು ಕಾಶಿಗೆ ಕಳಿಸಿದ್ದು ಗುಬ್ಬಿ ವೀರಣ್ಣನವರು. ಅಲ್ಲಿ ಹಿಂದಿ ಎಂಎ, ಆಮೇಲೆ ಎನ್‌ಎಸ್‌ಡಿ. ಅದಾದ ಮೇಲೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಶಾಲಾ ಮಕ್ಕಳಿಗೆ ನಾಟಕ ಕಲಿಸಿದರು. 1977ರಲ್ಲಿ ಎನ್‌ಎಸ್‌ಡಿಗೇ ನಿರ್ದೇಶಕರಾದರು. ಕಂಪನಿ ನಾಟಕದ ಯಜಮಾನರೊಬ್ಬರು ತಮ್ಮ ಹುಡುಗನನ್ನು ಓದಲು ಕಳಿಸಿದರು ಅನ್ನುವುದು ನನಗೆ ಯಾವಾಗಲೂ ಸೋಜಿಗ. ಈಗಿನ ಎಷ್ಟು ತಂಡಗಳು ಕಳಿಸುತ್ತವೆ?

ಇನ್ನು ಲಂಡನ್. ಶುಲ್ಕ, ಬಾಡಿಗೆ, ಊಟ, ವಿಮಾನ, ವೀಸಾ ಎಲ್ಲ ಸೇರಿದರೆ ನಲವತ್ತು ಲಕ್ಷವನ್ನೂ ದಾಟಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ. ವೀಸಾಗೆ ತೋರಿಸುವ ದುಡ್ಡು 28 ದಿನ ಸತತವಾಗಿ ಖಾತೆಯಲ್ಲಿ ಇರಬೇಕು, ನೆಂಟರಿಂದ ಎರಡು ದಿನಕ್ಕೆ ಹಾಕಿಸಿಕೊಂಡರೆ ನಡೆಯಲ್ಲ. ತೆಂಗಿನ ತೋಟ ಅಡವಿಟ್ಟು ಹೋಗಬೇಡಿ. ಇದನ್ನು ಖಂಡಿತವಾಗಿ ಹೇಳುತ್ತೇನೆ. ಎಂಜಿನಿಯರಿಂಗ್ ಓದಿದವರು ಸಾಲ ತೀರಿಸುವ ವೇಗದಲ್ಲಿ ರಂಗಭೂಮಿಯವರು ತೀರಿಸಲು ಆಗಲ್ಲ. ಕೊಬ್ಬರಿ ರೇಟು ಏರಿಳಿಯುವುದನ್ನು ನೋಡಿಕೊಂಡು ಬೆಳೆದವರು ನೀವು, ನಿಮಗೆ ಗೊತ್ತು.

ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಹೋಗಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಒಂದು ವರ್ಷದ ಸ್ನಾತಕೋತ್ತರ ಓದಿಗೆ ಪೂರ್ತಿ ಖರ್ಚು ಕೊಡುತ್ತೆ. ಎರಡು ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಇರಬೇಕು. ಮುಗಿಸಿದ ಮೇಲೆ ದೇಶಕ್ಕೆ ವಾಪಸ್ ಬಂದು ಕನಿಷ್ಠ ಎರಡು ವರ್ಷ ಇರಲೇಬೇಕು. ನಿಮ್ಮ ಶಿಬಿರ, ಶಾಲೆ, ತಂಡದ ಕೆಲಸ ಎಲ್ಲ ಗಂಟೆಗಳಲ್ಲಿ ಲೆಕ್ಕ ಹಾಕಿ ನೋಡಿ, ದಾಟಿರಬೇಕು. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್ ತನಕ. ಎಂಎ ಬೇಡ, ಕೆಲವು ವಾರ ಅಲ್ಲಿನ ತರಗತಿ ನೋಡಿಬಂದರೆ ಸಾಕು ಅನ್ನಿಸಿದರೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಕಡೆ ನೋಡಿ. ಕಲಾವಿದರು ಬ್ರಿಟನ್‌ಗೆ ಹೋಗಿ ಕಲಿತು ಬರಲು ಅದು ನೆರವು ಕೊಡುತ್ತೆ. ನಿಮಗೆ ಇದೇ ಜಾಸ್ತಿ ಹೊಂದಬಹುದು ಅಂತ ನನ್ನ ಅಂದಾಜು.

ಒಂದು ವರ್ಷದ ವಿದೇಶಿ ಎಂಎ ಇಲ್ಲಿ ನಡೆಯಲ್ಲ ಅಂತ ಯಾರಾದರೂ ಹೆದರಿಸಿದರೆ, ಅದು ಹಳೇ ಮಾತು. 2022ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಪರಸ್ಪರ ಪದವಿಗಳನ್ನು ಒಪ್ಪುವ ಒಪ್ಪಂದ ಮಾಡಿಕೊಂಡಿವೆ, ಅದರಲ್ಲಿ ಅಲ್ಲಿನ ಒಂದು ವರ್ಷದ ಸ್ನಾತಕೋತ್ತರ ಪದವಿಯೂ ಸೇರಿದೆ. ಆದರೆ ಸಮಾನತೆಯ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಕಾಲೇಜು ಅಧ್ಯಾಪಕಿ ಆಗುವ ಯೋಚನೆ ಇದ್ದರೆ ನೆಟ್ ಪರೀಕ್ಷೆ ಬರೆಯಿರಿ. ಪ್ರದರ್ಶನ ಕಲೆ ಅನ್ನುವ ವಿಷಯದಡಿ ನಾಟಕಕ್ಕೆ ಅವಕಾಶ ಇದೆ. ಹುದ್ದೆಗಳು ಕಡಿಮೆ, ಸುಮ್ನೆ ಆಸೆ ಹುಟ್ಟಿಸಲ್ಲ.

ಕೆಲಸದ ಬಗ್ಗೆ: ತುಮಕೂರಿನಲ್ಲಿ ನಟರ ಕೋಚ್ ಬೇಕಾಗಿದ್ದಾರೆ ಅಂತ ಯಾರೂ ಬೋರ್ಡ್ ಹಾಕಲ್ಲ. ಆದರೆ ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್, ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿ ಮನೆ. ಚಿತ್ರೀಕರಣದ ಮುಂಚೆ ಹೊಸಬರಿಗೆ ಕಾರ್ಯಾಗಾರ ಮಾಡಿಸುವುದು, ಬೇರೆ ಭಾಷೆಯ ನಟರಿಗೆ ಕನ್ನಡ ಸಂಭಾಷಣೆ ಹೇಳಿಕೊಡುವುದು, ಧಾರಾವಾಹಿಯ ಮಕ್ಕಳ ಜೊತೆ ಕೂರುವುದು, ಇವೆಲ್ಲ ನಿಜವಾದ ಕೆಲಸಗಳು. ಇಲ್ಲಿ ಡಿಗ್ರಿ ಯಾರೂ ಕೇಳಲ್ಲ, ಹಿಂದಿನ ಸಲ ಕಲಿತವರು ಏನು ಹೇಳಿದರು ಅಂತ ಕೇಳುತ್ತಾರೆ. ಊರಲ್ಲಿ ಶಾಲೆಗಳು, ಕಾಲೇಜಿನ ಅಂತರ ಕಾಲೇಜು ನಾಟಕಗಳು, ಮಾತಾಡಲು ಹೆದರುವ ಶಿಕ್ಷಕರು ಮತ್ತು ವಕೀಲರು. ಕೊನೆಯವರನ್ನು ನೋಡಿ ನಗಬೇಡಿ. ನನ್ನ ಮನೆ ಬಾಡಿಗೆಯನ್ನು ಎಷ್ಟೋ ವರ್ಷ ಅವರೇ ಕಟ್ಟಿದ್ದಾರೆ.

ಈ ವರ್ಷ ಅರ್ಜಿ ಹಾಕಬೇಡಿ. ಒಂದು ವರ್ಷ ಬೇರೆಯವರು ಕಲಿಸುವುದನ್ನು ನೋಡಿ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಿ ಬನ್ನಿ. ಸಾಣೇಹಳ್ಳಿಯ ರಂಗಶಾಲೆಯಲ್ಲಿ, ಮೈಸೂರಿನ ರಂಗಾಯಣದಲ್ಲಿ ತರಗತಿ ನೋಡಲು ಅನುಮತಿ ಕೇಳಿ. ನಿಮ್ಮ ಶಿಬಿರಗಳಿಗೆ ಸಂಬಂಧಿಸಿದ ಪತ್ರ, ರಸೀದಿ, ಫೋಟೋ, ದಿನಾಂಕ ಒಂದು ಫೈಲಿಗೆ ಹಾಕಿ, ಚೀವ್ನಿಂಗ್ ಅರ್ಜಿಗೆ ಗಂಟೆಗಳ ಲೆಕ್ಕ ಹಾಕುವಾಗ ಅದು ಉಪಯೋಗಕ್ಕೆ ಬರುತ್ತೆ.

ಆಮೇಲೆ ಸುಗ್ಗಿ ಮುಗಿದು ನಿಮ್ಮ ಕಡೆ ಯಾವುದಾದರೂ ಊರಲ್ಲಿ ಪೌರಾಣಿಕ ನಾಟಕದ ತಾಲೀಮು ಶುರುವಾದಾಗ ಹೋಗಿ ಮೂಲೆಯಲ್ಲಿ ಕೂತುಕೊಳ್ಳಿ. ನಟರನ್ನು ನೋಡಬೇಡಿ, ಹಾರ್ಮೋನಿಯಂ ಮೇಷ್ಟ್ರನ್ನು ನೋಡಿ. ಅವರು ಎಲ್ಲಿ ಪೆಟ್ಟಿಗೆ ನಿಲ್ಲಿಸುತ್ತಾರೆ, ಯಾರಿಗೆ ಬೈಯುತ್ತಾರೆ, ಯಾರಿಗೆ ಬೈಯಲ್ಲ, ಯಾವಾಗ ಶ್ರುತಿಯನ್ನು ಒಂದು ಮನೆ ಕೆಳಗಿಳಿಸುತ್ತಾರೆ ಅಂತ ಬರೆದುಕೊಳ್ಳಿ. ಯಾಕೆ ಅಂತ ಕೇಳಿ. ಅವರು ‘ಹಂಗೇ ಕಣಮ್ಮ’ ಅಂತಾರೆ. ಆ ಉತ್ತರದ ಪಕ್ಕದಲ್ಲಿ ನಿಮ್ಮ ಊಹೆ ಬರೆದಿಡಿ. ರಾತ್ರಿ ಚಳಿ ಇರುತ್ತೆ, ಒಂದು ಶಾಲು ತಗೊಂಡು ಹೋಗಿ.